ದೊರೆಗಳು ಅಳಿಸಿದರು, ಹುಡುಗರು ಉಳಿಸಿದರು

ಗೆಳೆಯ,

ನಿನ್ನ ಮನೆಯ ಅಟ್ಟದ ಮೇಲೋ, ಬೀರುವಿನ ಕೆಳಗಿನ ಖಾನೆಯಲ್ಲೋ ಹಳೆಯ ಕ್ಯಾಸೆಟ್ಟುಗಳ ಒಂದು ಡಬ್ಬ ಇದೆಯೇ? ಇದ್ದರೆ ಅದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಇದನ್ನೊಮ್ಮೆ ಓದು. ಇದು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಬ್ಬ ಅಲೆಮಾರಿಯ ಕಥೆ. ಅನ್ಯಗ್ರಹ ಜೀವಿಗಳ, ಯಂತ್ರಮಾನವರ ಕಥೆ. ಎಲ್ಲಕ್ಕಿಂತ ಹೆಚ್ಚಾಗಿ ಟೇಪ್ ರೆಕಾರ್ಡರ್ ಹಿಡಿದು ಕೂತ ಕೆಲವು ಹಠಮಾರಿ ಹುಡುಗರ ಕಥೆ.

"ನಮ್ಮ ಪತ್ರಿಕೆಯಲ್ಲಿ ಇಂಗ್ಲೆಂಡಿನ ನಾಟಕದ ಕಥೆ ಯಾಕಯ್ಯಾ?" ಎಂದು ನೀನು ಮೂತಿ ತಿರುಗಿಸಬಹುದು. ಛಲ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಪರಊರಿನವನು ಮಾಡಿದರೂ ಒಳ್ಳೆಯ ಕೆಲಸ ಒಳ್ಳೆಯ ಕೆಲಸವೇ. ಕಿವಿಗೊಟ್ಟು ಕೇಳು, ಆಮೇಲೆ ಜಗಳಕ್ಕೆ ಬಾ.

ಡಬ್ಬದೊಳಗೊಂದು ಬ್ರಹ್ಮಾಂಡ

1963ರ ನವೆಂಬರ್ 23. ಲಂಡನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ 'ಡಾಕ್ಟರ್ ಹೂ' ಎಂಬ ಧಾರಾವಾಹಿ ಶುರುವಾಯಿತು. ಡಾಕ್ಟರ್ ಎಂದಷ್ಟೇ ಹೆಸರಿರುವ ಒಬ್ಬ ಅನ್ಯಗ್ರಹದ ಮುದುಕ. ಅವನ ಬಳಿ ಪೊಲೀಸ್ ಪೆಟ್ಟಿಗೆಯ ರೂಪದ ಒಂದು ವಾಹನ, ಹೆಸರು ಟಾರ್ಡಿಸ್. ಹೊರಗಿನಿಂದ ನೋಡಿದರೆ ಟೆಲಿಫೋನ್ ಗೂಡಿನಷ್ಟು, ಒಳಗೆ ಹೋದರೆ ಅರಮನೆಯಷ್ಟು. ಅದರಲ್ಲಿ ಕೂತು ಅವನು ಯಾವ ಕಾಲಕ್ಕೆ ಬೇಕಾದರೂ, ಯಾವ ಗ್ರಹಕ್ಕೆ ಬೇಕಾದರೂ ಹೋಗುತ್ತಾನೆ. ಸಾವು ಹತ್ತಿರ ಬಂದರೆ ಸಾಯುವುದಿಲ್ಲ, ಹೊಸ ಮೈ ತೊಡುತ್ತಾನೆ. ಹೀಗಾಗಿ ನಟ ಬದಲಾದರೂ ಪಾತ್ರ ಬದುಕುತ್ತದೆ.

ಇದನ್ನು ಹುಟ್ಟಿಸಿದವರು ಬಿಬಿಸಿಯ ದೊಡ್ಡ ತಲೆಗಳಷ್ಟೇ ಎಂದುಕೊಳ್ಳಬೇಡ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಎಂಬ 27 ವರ್ಷದ ಹೆಣ್ಣುಮಗಳು. ಮೊದಲ ಕಥೆಯನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ಆ ಕಟ್ಟಡದಲ್ಲಿ ಅವರಿಬ್ಬರೂ ಹೊರಗಿನವರೇ.

ಇನ್ನು ಸದ್ದಿನ ಕಥೆ ಕೇಳು. ಶೀರ್ಷಿಕೆ ಸಂಗೀತವನ್ನು ರಾನ್ ಗ್ರೇನರ್ ಬರೆದರು. ಅದಕ್ಕೆ ಜೀವ ಕೊಟ್ಟವರು ಡೆಲಿಯಾ ಡರ್ಬಿಶೈರ್. ಆಗ ಅಂಗಡಿಯಲ್ಲಿ ಸಿಂಥಸೈಜರ್ ಸಿಗುತ್ತಿರಲಿಲ್ಲ. ಒಂದೊಂದು ಸ್ವರವನ್ನೂ ಟೇಪಿನಲ್ಲಿ ಹಿಡಿದು, ಅದರ ವೇಗ ಏರಿಸಿ ಇಳಿಸಿ, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಆಕೆ ಆ ಸಂಗೀತವನ್ನು ಕಟ್ಟಿದರು. ಟಾರ್ಡಿಸ್ ಹೊರಡುವಾಗಿನ ಆ ಉಸಿರುಗಟ್ಟಿದ ಕೀರಲು ಸದ್ದು ಏನು ಗೊತ್ತೇ? ಬ್ರಯಾನ್ ಹಾಡ್ಜ್‌ಸನ್ ಎಂಬ ತಂತ್ರಜ್ಞ ಮನೆಯ ಬೀಗದ ಕೈಯಿಂದ ಹಳೆಯ ಪಿಯಾನೋದ ತಂತಿಯನ್ನು ಕೆರೆದದ್ದು! ಬೀಗದ ಕೈ ಒಂದಿದ್ದರೆ ಕಾಲವನ್ನೇ ಸೀಳಬಹುದು ನೋಡು.

ಡಾಲೆಕ್ ಎಂಬ ವೈರಿಗಳು ಅದೇ ವರ್ಷದ ಡಿಸೆಂಬರಿನಲ್ಲಿ ಬಂದರು. ಜನ ಅವನ್ನು ರೋಬೋ ಎನ್ನುತ್ತಾರೆ, ಅವು ರೋಬೋಗಳಲ್ಲ. ಲೋಹದ ಚಿಪ್ಪಿನೊಳಗೆ ಕುಳಿತ, ದ್ವೇಷವೊಂದನ್ನೇ ಉಂಡು ಬದುಕುವ ಜೀವಿಗಳು. ನಟನ ದನಿಯನ್ನು ರಿಂಗ್ ಮಾಡ್ಯುಲೇಟರ್ ಎಂಬ ಸಾಧನಕ್ಕೆ ಕೊಟ್ಟು, ಸುಮಾರು 30 ಹರ್ಟ್ಸಿನ ಗುಂಯ್‌ಗುಡುವ ನಾದದೊಂದಿಗೆ ಗುಣಿಸಿದರೆ ಆ ಕರ್ಕಶ ದನಿ ಹುಟ್ಟುತ್ತದೆ. 1966ರಲ್ಲಿ ಸೈಬರ್‌ಮನ್ ಬಂದರು. ಸಾವಿಗೆ ಹೆದರಿ ಒಂದೊಂದೇ ಅಂಗವನ್ನು ಯಂತ್ರಕ್ಕೆ ಬದಲಿಸಿಕೊಂಡು, ಕೊನೆಗೆ ಮನಸ್ಸನ್ನೂ ಕಳೆದುಕೊಂಡ ಮನುಷ್ಯರು. ನಿಜವಾದ ರೋಬೋ ಬೇಕೆಂದರೆ 1977ರಲ್ಲಿ ಬಂದ ಕೆ-9 ಎಂಬ ನಾಯಿ ಇದೆ.

ಅಳಿಸುವ ಹಬ್ಬ

ಇಷ್ಟೆಲ್ಲ ಕಟ್ಟಿದ ಮೇಲೆ ಬಿಬಿಸಿಯ ಮಹಾಶಯರು ಏನು ಮಾಡಿದರು? ಅಳಿಸಿದರು!

ಹೌದು ಗೆಳೆಯ. ಆಗ ವಿಡಿಯೋ ಟೇಪಿನ ಬೆಲೆ ಜಾಸ್ತಿ. ಒಮ್ಮೆ ತೋರಿಸಿದ ಕಾರ್ಯಕ್ರಮವನ್ನು ಮತ್ತೆ ಮತ್ತೆ ತೋರಿಸಲು ನಟರ ಸಂಘದ ಒಪ್ಪಂದ ಅಡ್ಡ ಬರುತ್ತಿತ್ತು. ಬಣ್ಣದ ಟಿವಿ ಬಂದ ಮೇಲೆ ಕಪ್ಪು ಬಿಳುಪಿನದನ್ನು ಕೇಳುವವರಾರು ಎಂಬ ಉಡಾಫೆ ಬೇರೆ. ಮನೆಮನೆಗೆ ವಿಡಿಯೋ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. 1960ರ ದಶಕದ ಟೇಪುಗಳನ್ನು ಅಳಿಸಿ ಅದರ ಮೇಲೆ ಬೇರೆ ಕಾರ್ಯಕ್ರಮ ತುಂಬಿದರು. ಹೊರದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ ಬಿಸಾಡಿದರು. 1970ರ ದಶಕದ ಕೊನೆಯ ತನಕ ಈ ಹಬ್ಬ ನಡೆಯಿತು. ಆ ಮೇಲೆ ಜ್ಞಾನೋದಯವಾಗಿ ಹುಡುಕಾಟ ಶುರುವಾಯಿತು. 1992ರಲ್ಲಿ ಹಾಂಗ್‌ಕಾಂಗಿನಿಂದ ಒಂದು ಪೂರ್ತಿ ಕಥೆ ಮರಳಿತು. 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಒಂಬತ್ತು ಕಂತು ಸಿಕ್ಕಿದವು. ಅಷ್ಟಾದರೂ ಆ ವರ್ಷ ಲೆಕ್ಕ ಹಾಕಿದಾಗ 97 ಕಂತುಗಳ ಚಿತ್ರ ಎಲ್ಲೂ ಇರಲಿಲ್ಲ.

ಚಿತ್ರ ಇರಲಿಲ್ಲ. ಆದರೆ ದನಿ ಇತ್ತು. ಆ 97ರಲ್ಲಿ ಒಂದೊಂದರ ದನಿಯೂ ಇತ್ತು!

ಎಲ್ಲಿಂದ ಬಂತು? ಬಿಬಿಸಿಯ ಕಪಾಟಿನಿಂದಲ್ಲ. ಇಂಗ್ಲೆಂಡಿನ ಯಾವ್ಯಾವುದೋ ಊರಿನ ಮನೆಗಳಲ್ಲಿ ಕೆಲವು ಹುಡುಗರು ಧಾರಾವಾಹಿ ಬರುವ ಹೊತ್ತಿಗೆ ಟಿವಿಯ ಮುಂದೆ ಮೈಕ್ ಹಿಡಿದು ಕೂರುತ್ತಿದ್ದರು. ಒಬ್ಬ ಹುಡುಗನಂತೂ ಮನೆಯವರ ಮಾತು, ತಟ್ಟೆಲೋಟದ ಸದ್ದು ಸೇರಬಾರದೆಂದು ಟಿವಿಯೊಳಗಿನ ಧ್ವನಿಮಂಡಲಕ್ಕೇ ತಂತಿ ಜೋಡಿಸಿ ರೆಕಾರ್ಡು ಮಾಡಿದ. ಇತಿಹಾಸ ಉಳಿಸುತ್ತೇವೆಂಬ ದೊಡ್ಡಸ್ತಿಕೆ ಅವರಿಗಿರಲಿಲ್ಲ. ಆ ಕಥೆಯನ್ನು ಇನ್ನೊಮ್ಮೆ ಕೇಳಬೇಕು, ಅಷ್ಟೇ ಆಸೆ. ಮುಂದೆ ಅದೇ ಬಿಬಿಸಿ ಆ ಟೇಪುಗಳನ್ನು ಪಡೆದು, ನಡುನಡುವೆ ನಟರಿಂದ ವಿವರಣೆ ಓದಿಸಿ, ಕ್ಯಾಸೆಟ್ಟಾಗಿ, ಸಿಡಿಯಾಗಿ ಮಾರಿತು. 2006ರಿಂದ ಈಚೆಗೆ ಕೆಲವು ಕಥೆಗಳಿಗೆ ಆ ದನಿಯ ಮೇಲೆಯೇ ಹೊಸ ವ್ಯಂಗ್ಯಚಿತ್ರ ಬರೆಸಿ ಮತ್ತೆ ತೆರೆಗೆ ತಂದರು. ಕೋಟಿ ಕೋಟಿ ಹಣದ ಸಂಸ್ಥೆ ಎಸೆದದ್ದನ್ನು ಜೇಬುಖರ್ಚಿನ ಹುಡುಗರು ಎತ್ತಿಟ್ಟಿದ್ದರು.

ಬೈಯುವ ಮುನ್ನ

ಬಿಬಿಸಿಯನ್ನು ಬೈಯಲು ನನ್ನ ನಾಲಿಗೆಯೂ ತುರಿಸುತ್ತದೆ. ಆದರೆ ನಿನ್ನ ಮುಂದೆ ಒಂದು ತಪ್ಪೊಪ್ಪಿಗೆ ಇದೆ.

ನಮ್ಮಜ್ಜಿ ಕಥೆ ಹೇಳುವುದರಲ್ಲಿ ಎತ್ತಿದ ಕೈ. ಏಳು ಸಮುದ್ರದಾಚೆಯ ರಾಕ್ಷಸ, ಗಿಳಿಯೊಳಗೆ ಬಚ್ಚಿಟ್ಟ ಅವನ ಪ್ರಾಣ, ಮಾತಾಡುವ ಕುದುರೆ. ಅಪ್ಪ ಒಂದು ಟೇಪ್ ರೆಕಾರ್ಡರ್ ತಂದಾಗ ಎರಡು ರಾತ್ರಿ ಕೂರಿಸಿ ಅಜ್ಜಿಯ ಕಥೆಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿದರು. ಯಾರೂ ಅಳಿಸಬಾರದೆಂದು ಕ್ಯಾಸೆಟ್ಟಿನ ಬೆನ್ನ ಮೇಲಿನ ಎರಡು ಪ್ಲಾಸ್ಟಿಕ್ ಚುಕ್ಕಿಗಳನ್ನು ಮುರಿದರು. ಅವನ್ನು ಮುರಿದರೆ ರೆಕಾರ್ಡಿನ ಗುಂಡಿ ಕೆಳಗಿಳಿಯುವುದಿಲ್ಲ, ನಿನಗೆ ಗೊತ್ತಿರಬಹುದು. ಅಜ್ಜಿ ಹೋಗಿ ಎರಡು ವರ್ಷವಾಗಿತ್ತು. ನನಗೆ ಹದಿನಾಲ್ಕು. ಹೊಸ ಸಿನಿಮಾ ಹಾಡು ತುಂಬಿಸಿಕೊಳ್ಳಲು ಖಾಲಿ ಕ್ಯಾಸೆಟ್ಟಿಗೆ ಕಾಸಿರಲಿಲ್ಲ. ಆ ಎರಡು ತೂತುಗಳಿಗೆ ಕಾಗದ ತುರುಕಿ, ಅಂಟುಪಟ್ಟಿ ಹಚ್ಚಿ, ಅಜ್ಜಿಯ ಮೇಲೆ ಹಾಡು ತುಂಬಿದೆ. ಎರಡೂ ಬದಿ.

ಅಪ್ಪ ಹೊಡೆಯಲಿಲ್ಲ. ಬೈಯಲೂ ಇಲ್ಲ. ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು, ಮತ್ತೆ ಡಬ್ಬದೊಳಗಿಟ್ಟರು.

ಎರಡನೇ ಬದಿಯ ಕೊನೆಯಲ್ಲಿ ಹಾಡು ಸ್ವಲ್ಪ ಬೇಗ ಮುಗಿದಿತ್ತು. ಹಾಡು ನಿಂತ ಮೇಲೆ ಹನ್ನೊಂದು ಸೆಕೆಂಡು ಅಜ್ಜಿಯ ದನಿ ಉಳಿದುಕೊಂಡಿದೆ. ಅದು ಕಥೆಯೂ ಅಲ್ಲ. "ಸಾಕೇಳ್ರೋ... ಅಡುಗೆಮನೆ ಕದ ಹಾಕ್ಕೊಂಡು ಮಲಗಿ, ಬೆಕ್ಕು ಹಾಲಿಗೆ ಬಾಯಿ ಹಾಕತ್ತೆ." ಅಷ್ಟೇ. ಅಜ್ಜಿಯಿಂದ ನನಗೆ ಉಳಿದ ದನಿ ಅಷ್ಟು.

ಹೀಗಾಗಿ ಬಿಬಿಸಿಯ ಗುಮಾಸ್ತನನ್ನು ನಾನು ಚೆನ್ನಾಗಿ ಬಲ್ಲೆ. ಅವನು ರಾಕ್ಷಸನಲ್ಲ. ಕಣ್ಣ ಮುಂದಿನ ಹಾಡು ಬೇಕು, ಹಳೆಯದು ಯಾರಿಗೆ ಬೇಕು ಎಂದುಕೊಂಡವನು. ಅವನು ನಾನೇ. ನಾಳೆ ಬೆಳಿಗ್ಗೆ ಮೊಬೈಲಿನಲ್ಲಿ ಜಾಗ ಸಾಲದೆಂದು ಅಮ್ಮನ ದನಿಸಂದೇಶಗಳನ್ನು ಒತ್ತಿ ಅಳಿಸುವ ನೀನೂ ಅವನೇ.

ಬಾಗಿಲು ಮುಚ್ಚಿದಾಗ

ಕಥೆಯ ಎರಡನೇ ಅರ್ಧ ಇನ್ನೂ ಚೆನ್ನಾಗಿದೆ. 1985ರಲ್ಲಿ ಬಿಬಿಸಿ ಧಾರಾವಾಹಿಯನ್ನು ಹದಿನೆಂಟು ತಿಂಗಳು ನಿಲ್ಲಿಸಿತು. ಅಭಿಮಾನಿಗಳು ರೇಗಿದರು. ಕೆಲವರು ಸೇರಿ ಒಂದು ಪ್ರತಿಭಟನಾ ಹಾಡಿನ ರೆಕಾರ್ಡನ್ನೂ ತಂದರು. ಅದು ನೆಗೆದು ಬಿತ್ತು. ಅದೇ ವರ್ಷ ಡಾಕ್ಟರನ ಪಾತ್ರಧಾರಿ ಕಾಲಿನ್ ಬೇಕರ್ ರೇಡಿಯೋದಲ್ಲಿ ಒಂದು ಡಾಕ್ಟರ್ ಹೂ ನಾಟಕ ಮಾಡಿದರು. ಮರುವರ್ಷ ಅವರನ್ನು ಕೆಲಸದಿಂದಲೇ ತೆಗೆದರು. 1989ರ ಡಿಸೆಂಬರ್ 6ಕ್ಕೆ ಧಾರಾವಾಹಿ ಪೂರ್ತಿ ನಿಂತಿತು. 1996ರಲ್ಲಿ ಪಾಲ್ ಮೆಕ್‌ಗ್ಯಾನ್ ಎಂಬ ನಟನನ್ನಿಟ್ಟುಕೊಂಡು ಒಂದೇ ಒಂದು ಟಿವಿ ಚಿತ್ರ ಬಂತು. ಮುಂದೆ ಮತ್ತೆ ಮೌನ.

ಈ ನಡುವೆ ಇನ್ನೊಂದು ಗುಂಪಿನ ಹುಡುಗರು ಏನು ಮಾಡುತ್ತಿದ್ದರು? 1980ರ ದಶಕದ ಮಧ್ಯದಲ್ಲೇ ಅವರು ತಮ್ಮದೇ ಡಾಕ್ಟರ್ ಹೂ ನಾಟಕಗಳನ್ನು ಬರೆದು, ತಾವೇ ಅಭಿನಯಿಸಿ, ಕ್ಯಾಸೆಟ್ಟಿಗೆ ಹಾಕಿ ಹಂಚತೊಡಗಿದ್ದರು. 'ಆಡಿಯೋ ವಿಷುವಲ್ಸ್' ಎಂದು ಹೆಸರು. ಅದರಲ್ಲಿ ಡಾಕ್ಟರನಾದವನು ನಿಕೊಲಸ್ ಬ್ರಿಗ್ಸ್ ಎಂಬ ಯುವಕ. ಜೊತೆಗಿದ್ದವರಲ್ಲಿ ಗ್ಯಾರಿ ರಸೆಲ್ ಒಬ್ಬ. ಅವರನ್ನು ಯಾರೂ ಕರೆದಿರಲಿಲ್ಲ, ಸಂಬಳವಿರಲಿಲ್ಲ.

ಮುಂದೆ ಜೇಸನ್ ಹೇಯ್-ಎಲರಿ ಎಂಬಾತ ಕಟ್ಟಿದ 'ಬಿಗ್ ಫಿನಿಶ್' ಸಂಸ್ಥೆಗೆ ಇದೇ ಹುಡುಗರು ಸೇರಿದರು. ಡಾಕ್ಟರನ ಕಥೆಗಳನ್ನು ಧ್ವನಿನಾಟಕ ಮಾಡುತ್ತೇವೆಂದರೆ ಮೊದಲು ಬಿಬಿಸಿ ಒಪ್ಪಲಿಲ್ಲ. ಇವರು ಕೈಕಟ್ಟಿ ಕೂರಲಿಲ್ಲ. ಡಾಕ್ಟರ್ ಹೂ ಕಾದಂಬರಿಗಳಲ್ಲಿ ಹುಟ್ಟಿದ ಬರ್ನಿಸ್ ಸಮರ್‌ಫೀಲ್ಡ್ ಎಂಬ ಬೇರೊಂದು ಪಾತ್ರವನ್ನಿಟ್ಟುಕೊಂಡು 1998ರಲ್ಲಿ ನಾಟಕ ತಂದರು. ಕೆಲಸ ನೋಡಿದ ಮೇಲೆ ಅನುಮತಿ ಬಂತು. 1999ರ ಜುಲೈನಲ್ಲಿ ಮೊದಲ ನಾಟಕ 'ದಿ ಸೈರೆನ್ಸ್ ಆಫ್ ಟೈಮ್' ಹೊರಬಂತು. ಬರೆದು ನಿರ್ದೇಶಿಸಿದವನು ಅದೇ ಬ್ರಿಗ್ಸ್. ನಟಿಸಿದವರು ಟಿವಿಯ ಮೂವರು ನಿಜವಾದ ಡಾಕ್ಟರುಗಳು. ಆ ಮಾಲಿಕೆ 2021ರಲ್ಲಿ ಮುಗಿಯುವಾಗ ನಾಟಕಗಳ ಸಂಖ್ಯೆ 275!

ಕಣ್ಣಿಲ್ಲದ ನಾಟಕವೇ?

"ಚಿತ್ರವಿಲ್ಲದ ನಾಟಕ ಬಡವರ ಟಿವಿ ತಾನೇ?" ಎನ್ನುತ್ತೀಯಾ. ತಪ್ಪು. ಟಿವಿಯಲ್ಲಿ ಒಂದು ಗ್ರಹ ತೋರಿಸಲು ರಟ್ಟು ಬೇಕು, ಬಣ್ಣ ಬೇಕು, ಹಣ ಬೇಕು. ಹಣ ಸಾಲದೆ ಹೋದರೆ ರಟ್ಟು ಅಲ್ಲಾಡುವುದು ಕಾಣುತ್ತದೆ. ಧ್ವನಿನಾಟಕದಲ್ಲಿ ನಟರು ಗಾಜಿನ ಗೂಡುಗಳಲ್ಲಿ ನಿಂತು ಓದುತ್ತಾರೆ. ಗ್ರಹವನ್ನು ನೀನೇ ಕಟ್ಟಬೇಕು, ನಿನ್ನ ತಲೆಯೊಳಗೆ. ಅಲ್ಲಿ ರಟ್ಟು ಅಲ್ಲಾಡುವುದಿಲ್ಲ.

ಒಂದು ಉದಾಹರಣೆ. 2001ರ 'ಸ್ಟಾರ್ಮ್ ವಾರ್ನಿಂಗ್'. ಬ್ರಿಟಿಷರ ಆರ್-101 ಎಂಬ ದೈತ್ಯ ವಾಯುನೌಕೆ ಆಗಿನ ಹಿಂದೂಸ್ಥಾನದ ಕರಾಚಿಗೆಂದು ಹೊರಟು 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಸುಟ್ಟುಹೋದದ್ದು ನಿಜ ಘಟನೆ. ಸತ್ತವರು 48 ಜನ. ನಾಟಕದಲ್ಲಿ ಡಾಕ್ಟರ್ ಆ ನೌಕೆಯೊಳಗೆ ಇಳಿಯುತ್ತಾನೆ. ಗುಟ್ಟಾಗಿ ಹತ್ತಿದ ಚಾರ್ಲಿ ಪೊಲಾರ್ಡ್ ಎಂಬ ಹುಡುಗಿ ಅಲ್ಲಿದ್ದಾಳೆ, ಒಬ್ಬ ಅನ್ಯಗ್ರಹದ ಅತಿಥಿಯೂ ಇದ್ದಾನೆ. ಇತಿಹಾಸದ ಪ್ರಕಾರ ಆ ಹುಡುಗಿ ಸಾಯಬೇಕು. ಡಾಕ್ಟರ್ ಉಳಿಸುತ್ತಾನೆ. ಆ ಒಂದು ಕರುಣೆಯಿಂದ ಕಾಲದ ಬಲೆಗೇ ಬಿರುಕು ಬೀಳುತ್ತದೆ.

ಇನ್ನೊಂದು, 2002ರ 'ಸ್ಪೇರ್ ಪಾರ್ಟ್ಸ್', ಮಾರ್ಕ್ ಪ್ಲ್ಯಾಟ್ ಬರೆದದ್ದು. ಸೈಬರ್‌ಮನ್ ಹೇಗೆ ಹುಟ್ಟಿದರೆಂಬ ಕಥೆ. ಕೆಲಸಕ್ಕೆಂದು ಕರೆಸಿಕೊಂಡ ಮನೆಮಗಳು ಅರ್ಧ ಯಂತ್ರವಾಗಿ ಮನೆಗೆ ಮರಳುತ್ತಾಳೆ. ಕಣ್ಣಿಗೆ ಕಂಡಿದ್ದರೆ ಅದು ಬರೀ ಲೋಹದ ವೇಷ. ಕಿವಿಗೆ ಬಿದ್ದಾಗ ಯಂತ್ರದ ದನಿಯೊಳಗೆ ಮಗಳ ದನಿ. ಒಮ್ಮೆ ಕೇಳು, ರಾತ್ರಿ ನಿದ್ದೆ ಬಂದರೆ ಹೇಳು.

ಮತ್ತೆ ಆ ಕಾಲಿನ್ ಬೇಕರ್! ಟಿವಿಯಲ್ಲಿ ಅವರ ಚಿತ್ರವಿಚಿತ್ರ ಬಣ್ಣದ ಕೋಟನ್ನು ನೋಡಿ ಜನ ನಕ್ಕಿದ್ದರು. ಧ್ವನಿನಾಟಕದಲ್ಲಿ ಕೋಟು ಕಾಣುವುದಿಲ್ಲ, ನಟ ಕೇಳುತ್ತಾನೆ. ಗೇಲಿಗೊಳಗಾದವನೇ ಕೇಳುಗರ ಮೆಚ್ಚಿನ ಡಾಕ್ಟರನಾದ. 1986ರಲ್ಲಿ ಟಿವಿ ಅವರಿಗೆ ಒಂದು ಮರ್ಯಾದೆಯ ಬೀಳ್ಕೊಡುಗೆ ಕೊಡಲಿಲ್ಲ. 2015ರಲ್ಲಿ ಬಿಗ್ ಫಿನಿಶ್ ಕೊಟ್ಟಿತು. ಇಪ್ಪತ್ತೊಂಬತ್ತು ವರ್ಷದ ಮೇಲಾದರೂ ನ್ಯಾಯ ನ್ಯಾಯವೇ.

ಬಾಗಿಲು ತೆರೆದವರು ಯಾರು?

2005ರ ಮಾರ್ಚ್ 26ರಂದು ಡಾಕ್ಟರ್ ಹೂ ಟಿವಿಗೆ ಮರಳಿತು. ಡಾಲೆಕ್‌ಗಳಿಗೆ ದನಿ ಯಾರದ್ದು? ಕ್ಯಾಸೆಟ್ಟಿನ ಹುಡುಗ ನಿಕೊಲಸ್ ಬ್ರಿಗ್ಸ್‌ನದ್ದು. ಆ ವರ್ಷದ 'ಡಾಲೆಕ್' ಎಂಬ ಕಂತನ್ನು ಬರೆದವರು ರಾಬರ್ಟ್ ಶಿಯರ್‌ಮನ್, ತಮ್ಮದೇ 2003ರ ಧ್ವನಿನಾಟಕ 'ಜೂಬಿಲಿ'ಯ ಬೀಜದಿಂದ. 2006ರಲ್ಲಿ ಸೈಬರ್‌ಮನ್ ಟಿವಿಗೆ ಬಂದಾಗ ಮಾರ್ಕ್ ಪ್ಲ್ಯಾಟ್ ಅವರಿಗೆ ತೆರೆಯ ಮೇಲೆ ಕೃತಜ್ಞತೆ ಹೇಳಿದರು. ಹತ್ತನೆಯ ಡಾಕ್ಟರನಾದ ಡೇವಿಡ್ ಟೆನಂಟ್ ಅದಕ್ಕೂ ಮುನ್ನ, 2001ರಲ್ಲೇ, ಬಿಗ್ ಫಿನಿಶ್ ನಾಟಕದಲ್ಲಿ ಪಾತ್ರ ಮಾಡಿದ್ದರು. ಇನ್ನು ಟಿವಿಯಲ್ಲಿ ಒಂದೇ ರಾತ್ರಿ ಮಿಂಚಿ ಮರೆಯಾಗಿದ್ದ ಪಾಲ್ ಮೆಕ್‌ಗ್ಯಾನ್ ವರ್ಷಗಟ್ಟಲೆ ದನಿಯಲ್ಲೇ ಡಾಕ್ಟರನಾಗಿ ಬದುಕಿದರು. 2013ರಲ್ಲಿ ಬಿಬಿಸಿ ಅವರನ್ನು ಒಂದು ಕಿರುಕಂತಿಗೆ ಕರೆಸಿತು. ಸಾಯುವ ಮುನ್ನ ಆ ಡಾಕ್ಟರ್ ತನ್ನ ಗೆಳೆಯರ ಹೆಸರು ಹೇಳುತ್ತಾನೆ. ಚಾರ್ಲಿಯ ಹೆಸರು ಮೊದಲು. ಎಲ್ಲರೂ ಧ್ವನಿನಾಟಕದ ಗೆಳೆಯರು! ಟಿವಿ ಮುಚ್ಚಿದ್ದ ಕಾಲದಲ್ಲಿ ನಡೆದ ಕೆಲಸವನ್ನು ಟಿವಿಯೇ ಒಪ್ಪಿ ತಲೆಬಾಗಿದ ಗಳಿಗೆ ಅದು.

ಈಗ ನನ್ನ ಮಾತಿಗೆ ಬರುತ್ತೇನೆ. ಅಭಿಮಾನಿ ಎಂದರೆ ಯಾರು? ಕಟೌಟಿಗೆ ಹಾಲು ಸುರಿಯುವವನು, ಶಿಳ್ಳೆ ಹೊಡೆಯುವವನು, ತನ್ನ ಮೆಚ್ಚಿನದನ್ನು ನಿಲ್ಲಿಸಿದರೆಂದು ನಾಲ್ಕು ದಿನ ಕೂಗಾಡಿ ಐದನೇ ದಿನ ಮರೆಯುವವನು, ಇಷ್ಟೇ ಆದರೆ ಅದು ಬಲು ಅಗ್ಗದ ಅಭಿಮಾನ. ಮನವಿಪತ್ರ ಕೊಡಬೇಡ ಎನ್ನುತ್ತಿಲ್ಲ, ಕೊಡು. ಕೊಟ್ಟ ಮೇಲೆ ಉತ್ತರಕ್ಕೆ ಕಾಯುತ್ತ ಕೂರಬೇಡ. ಪ್ರತಿಭಟನೆಯ ಹಾಡು ಡಾಕ್ಟರನನ್ನು ಉಳಿಸಲಿಲ್ಲ. ಕಾಯದೆ ಕೂತು ರೆಕಾರ್ಡು ಮಾಡಿದವನು, ಕಾಯದೆ ಬರೆದವನು, ಕಾಯದೆ ನಟಿಸಿದವನು ಉಳಿಸಿದರು.

ಇದು ನಮಗೆ ಹೊರಗಿನ ಪಾಠವೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರು ಯಾವ ಸರ್ಕಾರದ ಆಜ್ಞೆಗೂ ಕಾಯದೆ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ನಮ್ಮ ಅಪ್ಪಂದಿರು ರಾತ್ರಿ ದೀಪವಾರಿಸಿ ರೇಡಿಯೋ ನಾಟಕ ಕೇಳಿ ಬೆಳೆದವರು. ಕತ್ತಲಲ್ಲಿ ಕೂತು ದನಿಯಿಂದ ಲೋಕ ಕಟ್ಟುವ ವಿದ್ಯೆ ನಿನ್ನ ಮನೆಯಲ್ಲೇ ಇದೆ.

ಆ ಹುಡುಗರ ಹತ್ತಿರ ಇದ್ದದ್ದು ತೂಕದ ಟೇಪ್ ರೆಕಾರ್ಡರ್, ದುಬಾರಿ ಟೇಪು. ನಿನ್ನ ಜೇಬಿನಲ್ಲಿ ಅದಕ್ಕಿಂತ ನೂರು ಪಾಲು ಚೆನ್ನಾಗಿ ದನಿ ಹಿಡಿಯುವ ಯಂತ್ರವಿದೆ. ಮೂವರು ಗೆಳೆಯರು, ಒಂದು ಕೋಣೆ, ಒಂದು ಬೀಗದ ಕೈ ಸಾಕು. ನಿನ್ನದೇ ಕಾಲಯಂತ್ರ ಹೊರಡಲಿ, ನಿನ್ನದೇ ರೋಬೋ ಮಾತಾಡಲಿ. ಮೊದಲ ನಾಟಕ ಕೆಟ್ಟದಾಗಿರುತ್ತದೆ, ಇರಲಿ. ಬ್ರಿಗ್ಸ್‌ನ ಮೊದಲ ಕ್ಯಾಸೆಟ್ಟಿಗೂ ಯಾರೂ ಹಾರ ಹಾಕಿರಲಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಪಕ್ಕ ಕೂತು ಕಥೆ ಕೇಳು, ಆ ಯಂತ್ರದ ಗುಂಡಿ ಒತ್ತು. ಒಂದು ಪ್ರತಿ ನಿನ್ನಲ್ಲಿರಲಿ, ಇನ್ನೊಂದು ತಂಗಿಯ ಹತ್ತಿರ, ಮತ್ತೊಂದು ಗೆಳೆಯನ ಹತ್ತಿರ. ಅಟ್ಟದ ಡಬ್ಬ ಇಳಿಸಿ ಅದರಲ್ಲೇನಿದೆ ನೋಡು.

ನನ್ನ ಹತ್ತಿರ ಹನ್ನೊಂದು ಸೆಕೆಂಡು ಇದೆ. ನಿನ್ನ ಹತ್ತಿರ ಇನ್ನೂ ಪೂರ್ತಿ ಕಥೆ ಇರಬಹುದು.